ಮಹದೇವಮ್ಮನ ಹುಳಿಖಾರ

ಹಣ್ಣಾದ ಮೆಣಸಿನಕಾಯಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಹುಳಿ ಬರುವವರೆಗೆ ಗಾಜಿನ ಜಾಡಿಯಲ್ಲಿ ಇಡಬೇಕು ಎಂದು ಮೊಮ್ಮಗಳು ಹೇಳಿದಾಗ ಮಹದೇವಮ್ಮನಿಗೆ ನಗು ತಡೆಯಲಾಗಲಿಲ್ಲ.

"ಕೆಟ್ಟೋದ ಮೆಣಸಿನ್ಕಾಯ್ನ ನಾವು ತಿಪ್ಪೆಗೆ ಎಸೀತಿದ್ವಿ ಕಣೇ. ನೀನು ಕೆಡ್ಸೋಕೇ ಅಂತ ಇಡ್ತೀಯ. ಇದಕ್ಕೇನಾ ನಿಮ್ಮಪ್ಪ ಕಾಲೇಜಿಗೆ ಕಳ್ಸಿದ್ದು?"

"ಇದು ಕೆಡೋದಲ್ಲ ಅಜ್ಜಿ, ಹುಳಿ ಬರೋದು. ದೋಸೆ ಹಿಟ್ಟು ಹುಳಿ ಬಂದ್ರೆ ಕೆಟ್ಟೋಯ್ತು ಅಂತೀಯಾ?"

"ದೋಸೆ ಹಿಟ್ಟು ಬೆಳಗಾಗೋ ಹೊತ್ಗೆ ಆಯ್ತದೆ. ಇದೆಷ್ಟು ದಿನ?"

"ಹತ್ತು, ಹನ್ನೆರಡು ದಿನ."

"ಅಷ್ಟೊತ್ಗೆ ಅದ್ರೊಳಗೆ ಹುಳಗಳು ಸಂಸಾರ ಹೂಡಿರ್ತವೆ ಬಿಡು."

ಹೀಗೆ ಹೇಳುತ್ತಲೇ ಮಹದೇವಮ್ಮ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತರು. ಹರ್ಷಿತಾ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದಳು. ಮನೆಯಲ್ಲಿ ಸುಮ್ಮನೆ ಕೂತ ಹುಡುಗಿಗೆ ಏನಾದರೂ ಒಂದು ಕೆಲಸ ಇರಲಿ ಎಂದು ಅಜ್ಜಿಗೂ ಅನಿಸಿತ್ತು.

ಅರಸೀಕೆರೆಯ ಅಂಬೇಡ್ಕರ್ ನಗರದ ಆ ಮನೆಯಲ್ಲಿ ಇದ್ದದ್ದು ನಾಲ್ವರು. ಮಹದೇವಮ್ಮ, ಗಂಡ ದ್ಯಾವಯ್ಯ ತೀರಿಕೊಂಡ ಮೇಲೆ ಗೆಂಡೆಹಳ್ಳಿ ಪಕ್ಕದ ಊರಿನಿಂದ ಬಂದು ಮಗನ ಮನೆ ಸೇರಿದ್ದರು. ಮಗ ಧರ್ಮೇಶ್ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸೊಸೆ ಮಾಲಿನಿ ಅಂಗನವಾಡಿ ಕಾರ್ಯಕರ್ತೆ. ಮಾಲಿನಿಯ ತವರು ಅರೇಹಳ್ಳಿ ಕಡೆ. ಅಲ್ಲಿಂದ ಅವಳ ಅಣ್ಣ ಕರಿಯಯ್ಯ ಆಗಾಗ ಬಸ್ಸಿನಲ್ಲಿ ಒಂದು ಚೀಲ ಸೂಜಿಮೆಣಸು ಕಳಿಸುತ್ತಿದ್ದ. ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಮೆಣಸಿನಕಾಯಿ, ಆದರೆ ಒಂದನ್ನು ಕಡಿದರೆ ಕಿವಿಯವರೆಗೂ ಉರಿ ಹೋಗುವಂಥದ್ದು. ಬಸ್ಸಿನ ಕಂಡಕ್ಟರು ಆ ಚೀಲವನ್ನು ಯಾರೂ ತುಳಿಯದಂತೆ ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ಬಂದು, ನಿಲ್ದಾಣದಲ್ಲಿ ಕೈಗೆ ಕೊಟ್ಟು ಹೋಗುತ್ತಿದ್ದ. ಟೀ ಕುಡಿಯಲು ಕರೆದರೆ ಹೊತ್ತಿಲ್ಲ ಎಂದು ಕೈಯಾಡಿಸುತ್ತಿದ್ದ.

ಮೊದಲ ಜಾಡಿಯ ಮುಚ್ಚಳವನ್ನು ಹರ್ಷಿತಾ ಗಾಳಿಯಾಡದಂತೆ ಬಿಗಿದಿದ್ದಳು. ನಾಲ್ಕು ದಿನ ಕಳೆದಿರಬೇಕು, ಕೆಲಸ ಮುಗಿಸಿ ಬಂದ ಮಾಲಿನಿ ಉಪ್ಪಿನಕಾಯಿ ಎಂದುಕೊಂಡು ಅದನ್ನು ತಿರುಗಿಸಿದಳು. ಮುಚ್ಚಳ ಹಾರಿತು. ಕೆಂಪು ನೀರು ಚಾವಣಿಯವರೆಗೂ ಚಿಮ್ಮಿ, ಅವಳ ಕೆನೆಬಣ್ಣದ ಸೀರೆಯ ಮೇಲೆ ಇಳಿಯಿತು.

"ಅತ್ತೇ! ಇಲ್ಲಿ ಬಂದು ನೋಡಿ ನಿಮ್ಮ ಮೊಮ್ಮಗಳ ಬಾಂಬು!"

"ಕಣ್ಣಿಗೆ ಬಿತ್ತಾ?" ಮಹದೇವಮ್ಮ ಓಡಿ ಬಂದು ಸೊಸೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದರು.

"ಕಣ್ಣಿಗೆ ಬಿದ್ದಿಲ್ಲ, ಸೀರೆಗೆ ಬಿತ್ತು."

"ಸೀರೆ ಹೋದ್ರೆ ಹೋಯ್ತು. ಬಿಚ್ಚಾಕು, ನಾನು ಒಗೀತೀನಿ." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಉಸಿರಾಡೋದನ್ನ ಹಂಗೆ ಅಮುಕಿ ಇಟ್ರೆ ಸಿಡೀದೆ ಏನಾಗ್ತದೆ? ಬಟ್ಟೆ ಕಟ್ಟು."

ಎರಡನೆಯ ಸಲ ತೆಳುಬಟ್ಟೆ ಕಟ್ಟಿದರು. ಈ ಸಲ ಕೆಡಿಸಿದ್ದು ಅಜ್ಜಿ. ಹುಳಿ ಸಾಲದು ಎಂದು ಹುಣಸೆಹಣ್ಣು ಕಿವುಚಿ ಹಾಕಿದ್ದರಿಂದ ಎಲ್ಲವೂ ಗೊಜ್ಜಾಗಿ ಕೂತಿತು. ಮೂರು ಹೊತ್ತೂ ಅದನ್ನೇ ತಿಂದು ಖಾಲಿ ಮಾಡಬೇಕಾಯಿತು. ಮೂರನೆಯ ಸಲ ಇಬ್ಬರೂ ರಾಜಿಯಾದರು. ಉಪ್ಪುನೀರಿನ ಅಳತೆ ಮೊಮ್ಮಗಳದು, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು ಹಾಕುವ ಉಪಾಯ ಅಜ್ಜಿಯದು. ಹುಳಿ ಬಂದ ಮೆಣಸಿನಕಾಯಿಯನ್ನು ರುಬ್ಬಿ, ಸೋಸಿ, ಚೂರು ಬೆಲ್ಲ ಮತ್ತು ವಿನೆಗರ್ ಸೇರಿಸಿ ಕುದಿಸಿದಾಗ ಬೀದಿಯವರೆಲ್ಲ ಕೆಮ್ಮಿದರು. ಮಾಲಿನಿ ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಅದರ ಮೇಲೆ ನಾಲ್ಕು ಹನಿ ಬಿಟ್ಟು, ಒಂದು ತುತ್ತು ತಿಂದು, ಇನ್ನೊಂದು ತುತ್ತು ಕಲಸಿದಳು.

"ಏನು? ಹೇಳಮ್ಮಾ," ಎಂದಳು ಹರ್ಷಿತಾ.

"ಮಾತಾಡಿಸ್ಬೇಡ. ಇನ್ನೊಂಚೂರು ಅನ್ನ ಹಾಕು."

ಅದಕ್ಕೆ ಹುಳಿಖಾರ ಎಂದು ಹೆಸರಿಟ್ಟವರು ಮಹದೇವಮ್ಮ.

*

ಧರ್ಮೇಶನ ಕಚೇರಿಯಲ್ಲಿ ಐದಾರು ಜನ ಒಂದೇ ಮೇಜಿಗೆ ಕೂತು ಊಟ ಮಾಡುತ್ತಿದ್ದರು. ಡಬ್ಬಿ ತೆರೆದು ಒಬ್ಬರದು ಒಬ್ಬರು ಹಂಚಿಕೊಳ್ಳುವುದು ರೂಢಿ. ಧರ್ಮೇಶನ ಮುಚ್ಚಳಕ್ಕೂ ಎಲ್ಲರೂ ಬಡಿಸುತ್ತಿದ್ದರು. ಅರುಣಾ ಎಂಬ ಸಹೋದ್ಯೋಗಿ ಅವನಿಗೆ ಮಜ್ಜಿಗೆ ಬಗ್ಗಿಸದೆ ತಾನು ಕುಡಿದವಳೇ ಅಲ್ಲ. ಆದರೆ ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತನ್ನ ಡಬ್ಬಿಯ ಹುರುಳಿಕಾಳಿನ ಪಲ್ಯವನ್ನು ಮುಂದಕ್ಕೆ ತಳ್ಳಿದಾಗ ಎಲ್ಲರಿಗೂ ಹೊಟ್ಟೆ ತುಂಬಿತ್ತು. ಮರುದಿನವೂ ತುಂಬಿತ್ತು. ಆ ವಾರದ ಕೊನೆಗೆ ಅವನು ಅಂಗಡಿಯಿಂದ ಒಂದು ಪೊಟ್ಟಣ ಮಿಕ್ಸ್ಚರ್ ತಂದು ಎಲ್ಲರೆದುರು ಹರಿದಿಟ್ಟ. ಆಗ ಎಲ್ಲರ ಕೈಯೂ ಬಂತು. ಅಂದಿನಿಂದ ಧರ್ಮೇಶ್ ಹಂಚುವುದಕ್ಕೆ ಪೊಟ್ಟಣವನ್ನೇ ಒಯ್ಯುತ್ತಿದ್ದ. ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಉಣ್ಣುತ್ತಿದ್ದ. ಈ ವಿಷಯ ಮನೆಯಲ್ಲಿ ಹೇಳಿರಲಿಲ್ಲ.

ಹುಳಿಖಾರವನ್ನು ಅವನು ತನಗೆಂದೇ ಒಯ್ದದ್ದು. ಚೀಟಿಯಿಲ್ಲದ ಸಣ್ಣ ಬಾಟಲಿ. ಎದುರಿಗೆ ಕೂತ ಹಿರಿಯ ಗುಮಾಸ್ತ ರಾಜಶೇಖರ್ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಏನ್ರೀ ಇದು, ಕುಂಕುಮ ಕರಗಿಸಿದಂಗಿದೆ? ಎಲ್ಲಿ ತಂದ್ರಿ?"

"ಹಾಸನದಲ್ಲಿ ಒಂದು ಬೇಕರೀಲಿ," ಎಂದುಬಿಟ್ಟ ಧರ್ಮೇಶ್.

ರಾಜಶೇಖರ್ ಚಪಾತಿಯ ಮೇಲೆ ಸುರಿದುಕೊಂಡರು. ಅರುಣಾ ಉಪ್ಪಿಟ್ಟಿಗೆ ಹಾಕಿಕೊಂಡಳು. ಮೂಗು ಒರೆಸಿಕೊಳ್ಳುತ್ತ, ಹಾ ಹಾ ಎನ್ನುತ್ತ, ಬಾಟಲಿಯನ್ನು ಮೇಜಿನ ಸುತ್ತ ತಿರುಗಿಸಿದರು. ಎದ್ದಾಗ ಅದು ಖಾಲಿಯಾಗಿತ್ತು.

"ಇನ್ನೊಂದು ತನ್ರೀ ಧರ್ಮೇಶ್, ಪುಣ್ಯ ಬರುತ್ತೆ," ಎಂದರು ರಾಜಶೇಖರ್.

ಅಂದು ಸಂಜೆ ಅವನು ಮನೆಯಲ್ಲಿ ಹೇಳಿದ್ದು ಅರ್ಧ ಮಾತ್ರ.

"ಆಫೀಸಲ್ಲಿ ಎಲ್ಲಾರೂ ತಿಂದ್ರು ಕಣವ್ವ. ಬಾಟ್ಲಿ ನೆಕ್ಕೋದೊಂದು ಬಾಕಿ."

ಮಹದೇವಮ್ಮ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿದರು. "ಎಲ್ಲಾರೂವಾ? ನಾನು ಮಾಡಿದ್ದನ್ನಾ?"

"ಹ್ಞೂಂ. ಅರುಣಾ ಅಂತ ಒಬ್ರಿದಾರೆ, ಅವ್ರಿಗೆ ಖಾರ ಒಂಚೂರು ಜಾಸ್ತಿ ಆಯ್ತು."

ಮುಂದಿನ ಸಲ ಕುದಿಸುವಾಗ ಮಹದೇವಮ್ಮ ಒಂದು ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಸ್ವಲ್ಪ ತೆಗೆದಿಟ್ಟು, ಬೆಲ್ಲ ಜಾಸ್ತಿ ಹಾಕಿ, ಟೊಮೆಟೊ ಸೇರಿಸಿ ಮಂದ ಮಾಡಿದರು. ಒಂದು ಔಷಧಿ ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಅದರಲ್ಲಿ ತುಂಬಿದರು.

"ಇದು ಆ ಅರುಣಮ್ಮಂಗೆ. ಹೊಟ್ಟೆ ಉರ್ಕಂಡು ಮನೆಗೆ ಹೋಗೋದು ಬ್ಯಾಡ, ಪಾಪ. ಮರೀದೆ ಕೊಡು."

ಧರ್ಮೇಶ್ ಅದನ್ನೂ ಒಯ್ದ. ಅದನ್ನೂ ಬೇಕರಿಯದೇ ಎಂದ.

*

ಬೀದಿಯವರು ಕೇಳಿದರು, ಮಾಲಿನಿಯ ಅಂಗನವಾಡಿಗೆ ಬರುವ ತಾಯಂದಿರು ಕೇಳಿದರು. ಹರ್ಷಿತಾಗೆ ಧೈರ್ಯ ಬಂತು. ಸ್ಟೇಷನ್ ರಸ್ತೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ಮಾರುವ ಇಂದ್ರೇಶ್ ಎಂಬುವನ ಅಂಗಡಿಗೆ ಹೋಗಿ ಒಂದು ಬಾಟಲಿ ಕೊಟ್ಟು ಬಂದಳು. ಎರಡು ದಿನಕ್ಕೆ ಅವನೇ ಫೋನ್ ಮಾಡಿದ.

"ಸೂಪರ್ ಆಗಿದೆ ಕಣಮ್ಮ. ನಮ್ಮಪ್ಪ ರೇವಣಸಿದ್ದಪ್ಪ ಯಾವುದನ್ನೂ ಹೊಗಳಲ್ಲ, ಅವ್ರೇ ರೊಟ್ಟಿಗೆ ಹಚ್ಕೊಂಡು ತಿಂದ್ರು. ಎಷ್ಟು ಮಾಡ್ತೀಯೋ ಅಷ್ಟೂ ತಗೋತೀನಿ. ಬೇಲೂರು, ಹಳೇಬೀಡಲ್ಲೂ ನನಗೆ ಗೊತ್ತಿರೋ ಅಂಗಡಿಗಳಿವೆ. ಆದ್ರೆ ಹೀಗೆ ಬರೀ ಬಾಟ್ಲಿ ಆಗಲ್ಲ. ನೋಂದಣಿ ಮಾಡ್ಸು, ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಅಂತ ಚೀಟಿ ಹಾಕು. ಕಾನೂನು ಇದೆಯಲ್ಲ."

ಹರ್ಷಿತಾ ನೋಂದಣಿ ಮಾಡಿಸಿದಳು. ಚೀಟಿಯನ್ನು ತಾನೇ ಕಂಪ್ಯೂಟರಿನಲ್ಲಿ ಬಿಡಿಸಿದಳು. ಮೇಲೆ ಒಂದು ಕೆಂಪು ಮೆಣಸಿನಕಾಯಿ. ಕೆಳಗೆ, 'ಮಹದೇವಮ್ಮನ ಹುಳಿಖಾರ'. ಅದರ ಕೆಳಗೆ, 'ತಯಾರಿಸಿದವರು: ಮಹದೇವಮ್ಮ ದ್ಯಾವಯ್ಯ, ಅಂಬೇಡ್ಕರ್ ನಗರ, ಅರಸೀಕೆರೆ'. ಚೀಟಿ ಅಂಟಿಸಿದ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದವಳು, ಚೀಲ ಇಳಿಸದೆಯೇ ವಾಪಸು ಬಂದಳು.

ಊಟಕ್ಕೆ ಕೂತಾಗ ಮಾತು ಬಂತು.

"ನನಗೇನೂ ಇಲ್ಲ ಕಣಮ್ಮ, ಗಿರಾಕಿಗಳು ಓದ್ತಾರೆ ಅಂದ ಇಂದ್ರೇಶ್," ಎಂದಳು ಹರ್ಷಿತಾ. "ಅಡ್ರೆಸ್ಸು, ಅಜ್ಜಿ ಹೆಸರು ಎರಡೂ ತೆಗೀಬೇಕಂತೆ. ಅವನ ಅಂಗಡಿ ಹೆಸರು ಹಾಕ್ತಾನಂತೆ. ನಾವು ಚೀಟಿ ಇಲ್ಲದೆ ತುಂಬಿ ಕೊಟ್ರೆ ಸಾಕಂತೆ."

"ದುಡ್ಡು?" ಎಂದಳು ಮಾಲಿನಿ.

"ದುಡ್ಡು ಮೊದಲಿಗಿಂತ ಜಾಸ್ತಿ ಕೊಡ್ತಾನಂತೆ."

"ಹಾಗಾದ್ರೆ ಕೊಡು," ಎಂದ ಧರ್ಮೇಶ್, ತಟ್ಟೆಯಿಂದ ತಲೆಯೆತ್ತದೆ.

"ಏನಪ್ಪಾ ಹೀಗಂತೀಯ?"

"ಮತ್ತೆ ಹೆಂಗನ್ಲಿ? ಖಾರ ಮಾರೋಕೆ ಹೊರಟಿದ್ದೀಯೋ, ಜಗಳ ಮಾರೋಕೋ? ಅವನು ಬೇಡ ಅಂದಿಲ್ಲ. ಹೆಸರು ಬೇಡ ಅಂದ, ಅಷ್ಟೇ."

"ಅಷ್ಟೇನಾ? ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಹಾಕಿ ಪ್ರತಿ ವರ್ಷ ಹಾರ ಹಾಕ್ತೀಯಲ್ಲಪ್ಪ, ಅವರ ಹೆಸರಿನ ಬೀದೀನ ಬಾಟ್ಲಿ ಮೇಲಿಂದ ಕೆರೆದು ಹಾಕ್ಲಾ?"

"ಹರ್ಷಿ, ಅಪ್ಪನ ಹತ್ರ ಹಂಗೆ ಮಾತಾಡ್ಬೇಡ," ಎಂದಳು ಮಾಲಿನಿ. ಆದರೆ ಗಂಡನ ಕಡೆಗೂ ತಿರುಗಿದಳು. "ನೀವೂ ಅಷ್ಟೇ. ಹುಡುಗಿ ತಿಂಗಳಾನುಗಟ್ಟಲೆ ಕೈ ಉರಿಸ್ಕೊಂಡಿದ್ದಾಳೆ. ಒಂದೇ ಮಾತಿಗೆ ಕೊಡು ಅಂತೀರಲ್ಲ."

"ಅವ್ವ ಏನಂತಾರೋ ಕೇಳು. ಹೆಸರು ಅವರದು," ಎಂದ ಧರ್ಮೇಶ್.

ಮಹದೇವಮ್ಮ ಎಲ್ಲರಿಗೂ ಸಾರು ಬಡಿಸಿ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು.

"ನನ್ನ ಹೆಸ್ರಿಲ್ದಿದ್ರೆ ಖಾರ ಕಮ್ಮಿ ಆಯ್ತದಾ? ಎಂಗಾದ್ರೂ ಮಾಡ್ಕಳಿ. ಅನ್ನದ ಮುಂದೆ ಕೂಗಾಡ್ಬ್ಯಾಡ್ರಿ."

ಹರ್ಷಿತಾ ಅಜ್ಜಿಯ ಮುಖ ನೋಡಿದಳು. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು. ಮಾಲಿನಿ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಆ ವಾರವೆಲ್ಲ ಬಾಟಲಿಗಳು ಚೀಲದಲ್ಲೇ ಇದ್ದವು. ಇಂದ್ರೇಶ್ ಮತ್ತೆ ಫೋನ್ ಮಾಡಿದಾಗ ಹರ್ಷಿತಾ ಎತ್ತಲಿಲ್ಲ.

*

ಶನಿವಾರ ಕರಿಯಯ್ಯ ಮೆಣಸಿನಕಾಯಿ ಕಳಿಸಿದ್ದ. ತಾಯಿಗೆ ಪೇಟೆಯಲ್ಲಿ ಕನ್ನಡಕ ತೋರಿಸುವುದೂ ಇತ್ತು, ಹಾಗಾಗಿ ಧರ್ಮೇಶ್ ಅವರನ್ನೂ ಕರೆದುಕೊಂಡು ಬಸ್ ನಿಲ್ದಾಣಕ್ಕೆ ಹೋದ. ಕಂಡಕ್ಟರ್ ಕೊಟ್ಟ ಚೀಲವನ್ನು ಮಹದೇವಮ್ಮ ಎತ್ತಿಕೊಂಡು ನಿಂತಿದ್ದರು. ಆಗ ಕಲ್ಲುಬೆಂಚಿನ ಮೇಲಿದ್ದ ಒಬ್ಬರು ಎದ್ದು ಬಂದರು. ಮಾಲೇಕಲ್ಲು ಬೆಟ್ಟಕ್ಕೆ ಹೊರಟಿದ್ದ ರಾಜಶೇಖರ್.

"ಓಹೋ ಧರ್ಮೇಶ್! ಇವ್ರು ನಿಮ್ಮ ತಾಯಿಯವ್ರಾ? ನಮಸ್ಕಾರ ಅಮ್ಮ. ಬನ್ನಿ, ಇಲ್ಲಿ ಕೂತ್ಕೊಳ್ಳಿ, ಎಷ್ಟು ಹೊತ್ತು ನಿಲ್ತೀರಿ." ತಮ್ಮ ಜಾಗವನ್ನು ಕರವಸ್ತ್ರದಿಂದ ಒರೆಸಿ ಕೂರಿಸಿದರು.

"ದ್ಯಾವ್ರು ಚೆನ್ನಾಗಿಟ್ಟಿರ್ಲಿ ಕಣಪ್ಪ," ಎಂದರು ಮಹದೇವಮ್ಮ.

"ನಿಮ್ಮ ಮಗ ನಮಗೆಲ್ಲಾ ಒಂದು ಚಟ ಹತ್ತಿಸಿಬಿಟ್ಟಿದ್ದಾರೆ ಅಮ್ಮ. ಒಂದು ಖಾರ ತರ್ತಾರೆ, ಕೆಂಪಗೆ. ಅದಿಲ್ದೆ ಈಗ ಊಟವೇ ಸೇರಲ್ಲ. ಹಾಸನದ ಯಾವುದೋ ಬೇಕರೀದಂತೆ."

ಧರ್ಮೇಶ್ ಬಸ್ಸಿನ ಬೋರ್ಡು ಓದುತ್ತಿದ್ದ.

"ಬೇಕ್ರೀದಾ?" ಎಂದರು ಮಹದೇವಮ್ಮ.

"ಹೌದಮ್ಮ. ಯಾರೋ ಕೈ ಪಳಗಿದ ಭಟ್ರೇ ಮಾಡ್ತಿರ್ಬೇಕು. ಅಂಥ ಹದ ಎಲ್ಲರಿಗೂ ಬರಲ್ಲ. ನೀವೂ ಒಂದ್ಸಲ ರುಚಿ ನೋಡಿ, ಮಗನಿಗೆ ತರೋಕೆ ಹೇಳಿ."

ಮಹದೇವಮ್ಮ ತೊಡೆಯ ಮೇಲಿದ್ದ ಮೆಣಸಿನಕಾಯಿ ಚೀಲವನ್ನು ಸರಿಯಾಗಿ ಹಿಡಿದುಕೊಂಡರು. ಮಗನ ಕಡೆ ಒಮ್ಮೆ ನೋಡಿದರು.

"ಹೇಳ್ತೀನಪ್ಪ. ನಿಮ್ಮ ಬಸ್ ಬಂತು ನೋಡಿ, ಹುಷಾರಾಗಿ ಹತ್ತಿ."

ಮೆಣಸಿನಕಾಯಿ ಚೀಲ ಹಿಡಿದು ಅವರು ಮುಂದೆ ನಡೆದರು. ಕನ್ನಡಕದ ಅಂಗಡಿಗೆ ಬೇಡ, ಇನ್ನೊಂದು ದಿನ ಎಂದರು. ಮನೆಗೆ ಬಂದು ಅಡುಗೆ ಮಾಡಿದರು. ಎಲ್ಲರೂ ಕೂತ ಮೇಲೆ ಮಗನ ತಟ್ಟೆಗೆ ಅನ್ನ ಹಾಕುತ್ತ ಹೇಳಿದರು:

"ಹಾಸನದ ಭಟ್ರು ಇವತ್ತು ಏನೂ ಕಳ್ಸಿಲ್ಲ ಕಣ್ಲಾ. ಬರೀ ಅನ್ನ, ಸಾರು."

"ಯಾವ ಭಟ್ರು?" ಎಂದಳು ಮಾಲಿನಿ.

"ನಿನ್ನ ಗಂಡನ್ನ ಕೇಳು. ಹುಳಿಖಾರ ಮಾಡೋ ಭಟ್ರು."

ಧರ್ಮೇಶ್ ಹೇಳಬೇಕಾಯಿತು. ಮೊದಲು ಬೇಕರಿಯ ಸುಳ್ಳು ಬಂತು. ಅದಕ್ಕೆ ಕಾರಣ ಕೇಳಿದಾಗ ಹುರುಳಿಕಾಳಿನ ಪಲ್ಯ ಬಂತು, ಮಿಕ್ಸ್ಚರ್ ಪೊಟ್ಟಣ ಬಂತು. ಮಾಲಿನಿ ಸಾರಿನ ಚಮಚವನ್ನು ಕೆಳಗಿಟ್ಟಳು. ಪ್ರತಿ ತಿಂಗಳ ಸಾಮಾನಿನಲ್ಲಿ ಆ ಪೊಟ್ಟಣಗಳು ಯಾಕೆ ಎಂದು ಅವಳು ಎಷ್ಟೋ ಸಲ ಕೇಳಿದ್ದಳು.

"ಇಷ್ಟು ವರ್ಷ ನನಗೂ ಹೇಳ್ಲಿಲ್ಲವಲ್ರೀ."

"ಹೇಳಿ ಏನ್ಮಾಡ್ಲಿ? ನೀನು ಬೆಳಿಗ್ಗೆ ಎದ್ದು ಮಾಡಿದ್ದನ್ನ ಯಾರೂ ಮುಟ್ಟಲ್ಲ ಅಂತ ದಿನಾ ಬಂದು ಹೇಳ್ಲಾ?"

"ಅಪ್ಪಾ, ಅಜ್ಜಿ ಆ ಅರುಣಾ ಮೇಡಮ್‌ಗೆ ಅಂತ ಬೇರೆ ಬಾಟ್ಲಿ ಮಾಡ್ತಿದ್ರು!" ಹರ್ಷಿತಾಳ ದನಿ ಏರಿತು. "ಬಾಟ್ಲಿನ ಕುದಿಯೋ ನೀರಲ್ಲಿ ತೊಳೆದು ಇಡ್ತಿದ್ರು!"

"ನಿಂಗೇನೇ ಗೊತ್ತು? ನೀನು ಕಾಲೇಜಿಗೆ ಹೋಗಿ ಬಂದೆ, ಮುಗೀತು. ನಾನು ದಿನಾ ಆ ಮೇಜಿಗೆ ಕೂರ್ಬೇಕು, ರಿಟೈರ್ ಆಗೋವರೆಗೂ. ನಮ್ಮವ್ವ ಮಾಡಿದ್ದು ಅಂದಿದ್ರೆ ತಿಂತಿದ್ರಾ ಅವ್ರು? ನೀನೇ ಹೇಳು, ತಿಂತಿದ್ರಾ?"

"ತಿನ್ದೇ ಇದ್ರೆ ಬಿಡ್ಲಿ," ಎಂದರು ಮಹದೇವಮ್ಮ.

ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಮಗನ ಎದುರಿಗೆ ಕೂತರು.

"ನಾನೇನು ಅವ್ರಿಗೆ ಉಣ್ಸೋಕೆ ಹುಟ್ಟಿದ್ನಾ? ಅವ್ರು ತಿನ್ಲಿ ಅಂತ ನೀನು ನಿಮ್ಮವ್ವನ್ನ ಭಟ್ರು ಮಾಡ್ಬ್ಯಾಡ. ನಾನು ಕಾಫಿ ತೋಟದಲ್ಲಿ ಹಣ್ಣು ಬಿಡಿಸಿ ನಿನ್ನ ಓದ್ಸಿದ್ದು, ನೀನು ದೊಡ್ಡ ಕುರ್ಚೀಲಿ ಕೂತು ಡಬ್ಬಿ ಮುಚ್ಕಂಡು ಉಣ್ಲಿ ಅಂತಾನಾ? ನಮ್ಮವ್ವ ಮಾಡಿದ್ದು ಅಂತ ಹೇಳ್ಕಂಡು ತಿನ್ನು. ಹಂಗೆ ಹೇಳೋಕೆ ಆಗ್ದಿದ್ರೆ ಇನ್ಮ್ಯಾಕೆ ಈ ಮನೆಯಿಂದ ಒಂದು ಬಾಟ್ಲಿನೂ ಆಪೀಸಿಗೆ ಹೋಗಾಂಗಿಲ್ಲ."

ಆಮೇಲೆ ಮೊಮ್ಮಗಳನ್ನು ಕರೆದರು.

"ಆ ಚೀಟಿ ತಾರೇ. ನನ್ನ ಹೆಸ್ರು ಎಲ್ಲೈತೆ?"

ಹರ್ಷಿತಾ ಬೆರಳಿಟ್ಟು ತೋರಿಸಿದಳು.

"ಇಷ್ಟು ಸಣ್ಣಕ್ಕಾ? ಕನ್ನಡಕ ಇಲ್ದೋರಿಗೂ ಕಾಣ್ಬೇಕು. ದೊಡ್ಡದಾಗಿ ಹಾಕು. ಬೀದಿ ಹೆಸ್ರೂ ಅಷ್ಟೇ ದೊಡ್ಡದಾಗಿ."

ಇಷ್ಟು ಹೇಳಿ, ಮಗನ ತಟ್ಟೆಯಲ್ಲಿ ಅನ್ನ ಹಾಗೇ ಇದ್ದದ್ದನ್ನು ಕಂಡು, ಒಂದು ಚಮಚ ತುಪ್ಪ ತಂದು ಹಾಕಿದರು. "ಆರಿಹೋಗ್ತದೆ. ಉಣ್ಣು," ಎಂದರು.

*

ಅಂಗಡಿ ಬೇಡವೆಂದ ಮೇಲೆ ಮಾರುವುದೆಲ್ಲಿ? ಹರ್ಷಿತಾಳ ಕಾಲೇಜಿನ ಗೆಳತಿ ಸ್ವಾತಿಯ ಮನೆಯವರದು ಹಳೇಬೀಡಿನಲ್ಲಿ, ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಎಳನೀರಿನ ಅಂಗಡಿ. ಭಾನುವಾರ ಪ್ರವಾಸಿಗಳು ಜಾಸ್ತಿ. ನಮ್ಮ ಪಕ್ಕದಲ್ಲೇ ಇಟ್ಕೊಳೇ ಎಂದು ಸ್ವಾತಿ ಮನೆಯಿಂದ ಒಂದು ಮೇಜು ತಂದು, ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿಕೊಟ್ಟಳು. ಮಹದೇವಮ್ಮನಿಗೆಂದು ಒಂದು ಕುರ್ಚಿಗೆ ದಿಂಬೂ ಇಟ್ಟಿದ್ದಳು.

ಮೊದಲ ಭಾನುವಾರ ಹೆಚ್ಚು ಹೋಗಲಿಲ್ಲ. ಕೆಲವರು ರುಚಿ ನೋಡಿ ಹೊಗಳಿ, ಬಾಟಲಿ ತಿರುಗಿಸಿ ಓದಿ, ಆಮೇಲೆ ಬರ್ತೀವಿ ಎಂದು ಹೋದರು. ಎದುರಿಗೆ ಗೋಬಿ, ಎಗ್‌ರೈಸ್ ಗಾಡಿ ಇಟ್ಟಿದ್ದ ಹೇಮಂತ್ ಬಂದು ರುಚಿ ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡು ಐದು ಬಾಟಲಿ ಎತ್ತಿಕೊಂಡ. ಗಾಡಿಯ ಮುಂದೆ ಅವನ್ನು ಚೀಟಿ ರಸ್ತೆಗೆ ಕಾಣುವಂತೆ ಸಾಲಾಗಿ ಜೋಡಿಸಿದ. ಯಾರೂ ಅವನಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಮುಂದಿನ ಭಾನುವಾರ ಅವನ ಗಾಡಿಯಲ್ಲಿ ತಿಂದವರು ರಸ್ತೆ ದಾಟಿ ಬಂದು ಕೇಳತೊಡಗಿದರು.

ಧರ್ಮೇಶ್ ಅತ್ತ ಸುಳಿದಿರಲಿಲ್ಲ. ಕಚೇರಿಯಲ್ಲಿ ಯಾರಾದರೂ ಬೇಕರಿಯ ಮಾತೆತ್ತಿದಾಗಲೆಲ್ಲ, ಸಿಗುತ್ತಿಲ್ಲ ಎಂದು ತೇಲಿಸುತ್ತಿದ್ದ. ಮನೆಯಲ್ಲಿ ತಾಯಿ ಮೊದಲಿನಂತೆಯೇ ಬಡಿಸುತ್ತಿದ್ದರು, ನೀರು ಕಾಯಿಸಿಡುತ್ತಿದ್ದರು. ಬಾಟಲಿ ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಮೂರನೆಯ ಭಾನುವಾರ ಸಂಜೆ, ತಾವು ಹತ್ತಬೇಕಿದ್ದ ಬಸ್ ಜಾವಗಲ್ ದಾರಿಯಲ್ಲೇ ಕೆಟ್ಟು ನಿಂತಿದೆಯಂತೆ ಎಂದು ಹರ್ಷಿತಾ ಫೋನ್ ಮಾಡಿದ್ದರಿಂದ, ಮಾಲಿನಿ ಅವನನ್ನು ದಬ್ಬಿ ಕಳಿಸಿದಳು. ಪಕ್ಕದ ಮನೆಯವರ ಕಾರು ಕೇಳಿ ತೆಗೆದುಕೊಂಡು ಅವನು ಹಳೇಬೀಡಿಗೆ ಬಂದಾಗ ಮೇಜಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಒಳ್ಳೆಯ ಸೀರೆ, ಜೊತೆಗೆ ಗಂಡ, ಕೈಯಲ್ಲಿ ಬಾಟಲಿ. ಧರ್ಮೇಶ್ ಎಳನೀರಿನ ರಾಶಿಯ ಹಿಂದೆಯೇ ನಿಂತ.

"ಅಜ್ಜೀ, ನೀವು ಯಾವ ಜನ?" ಎಂದು ಕೇಳಿದಳು ಹೆಂಗಸು.

"ಖಾರ ಮಾಡೋ ಜನ ಕಣವ್ವ," ಎಂದರು ಮಹದೇವಮ್ಮ. "ನೀವು?"

"ಅಲ್ಲ, ನಾನು ಕೇಳಿದ್ದು..."

"ಗೊತ್ತಾಯ್ತು ಕಣವ್ವ ನೀನು ಕೇಳಿದ್ದು. ಅಲ್ಲೇ ಬರ್ದೈತೆ, ಹೆಸ್ರು, ಬೀದಿ, ಊರು. ಮುಚ್ಚಿಟ್ಟಿಲ್ಲ. ಓದ್ಕಂಡು ಬೇಕಾದ್ರೆ ತಗೋ, ಬ್ಯಾಡ್ದಿದ್ರೆ ಇಟ್ಟೋಗು. ಬಾಟ್ಲಿ ಮಾತ್ರ ಮೆತ್ತಗೆ ಇಡು, ಗಾಜಿಂದು."

ಹೆಂಗಸು ಬಾಟಲಿಯನ್ನು ಮೆತ್ತಗೆ ಇಟ್ಟು ಹೋದಳು. ಮಹದೇವಮ್ಮ ಅದನ್ನು ಸೆರಗಿನಿಂದ ಒರೆಸಿ, ಸಾಲಿಗೆ ಸರಿಸಿ, ಮುಂದಿನವರಿಗೆ "ಬನ್ನಿ, ರುಚಿ ನೋಡಿ" ಎಂದರು. ಅವರ ದನಿಯಲ್ಲಿ ಏನೂ ಬದಲಾಗಿರಲಿಲ್ಲ.

ಧರ್ಮೇಶ್ ಮುಂದೆ ಬಂದು ಖಾಲಿ ಪೆಟ್ಟಿಗೆಗಳನ್ನು ಎತ್ತಿ ಕಾರಿಗೆ ಇಟ್ಟ.

"ಯಾವಾಗ ಬಂದ್ಯಪ್ಪಾ?" ಎಂದಳು ಹರ್ಷಿತಾ.

"ಈಗ್ಲೇ," ಎಂದ.

*

ಮರುದಿನ ಬೆಳಿಗ್ಗೆ ಅವನು ಯಾರನ್ನೂ ಕೇಳದೆ ಕಪಾಟಿನಿಂದ ಒಂದು ಬಾಟಲಿ ತೆಗೆದುಕೊಂಡ. ಚೀಟಿ ಅಂಟಿಸಿದ್ದು. ಮಾಲಿನಿ ನೋಡಿದಳು. ಅವನ ಕೈಯಿಂದ ಅದನ್ನು ತೆಗೆದುಕೊಂಡು, ಸೋರದಂತೆ ಮುಚ್ಚಳ ಬಿಗಿದು, ಒಗೆದ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟಳು. ಅಂದು ಡಬ್ಬಿಗೆ ಹುರುಳಿಕಾಳಿನ ಪಲ್ಯ ಹಾಕಿದ್ದಳು, ದಿನಕ್ಕಿಂತ ಎರಡರಷ್ಟು.

ಊಟದ ಹೊತ್ತಿಗೆ ಬಾಟಲಿ ಕಂಡದ್ದೇ ರಾಜಶೇಖರ್ ಕೈ ಚಾಚಿದರು.

"ಅಂತೂ ಬಂತಪ್ಪಾ! ಓ, ಈಗ ಹೆಸರೆಲ್ಲಾ ಹಾಕಿದ್ದಾರೆ." ಗಟ್ಟಿಯಾಗಿ ಓದಿದರು. "ಮಹದೇವಮ್ಮನ ಹುಳಿಖಾರ. ತಯಾರಿಸಿದವರು, ಮಹದೇವಮ್ಮ ದ್ಯಾವಯ್ಯ, ಅಂ..." ಅಲ್ಲಿಗೆ ಅವರ ದನಿ ನಿಂತಿತು.

"ಓದಿ ಸಾರ್," ಎಂದ ಧರ್ಮೇಶ್. "ಅಂಬೇಡ್ಕರ್ ನಗರ, ಅರಸೀಕೆರೆ. ನಮ್ಮ ಮನೆ. ಮಹದೇವಮ್ಮ ಅಂದ್ರೆ ನಮ್ಮವ್ವ. ಬಸ್ ಸ್ಟ್ಯಾಂಡಲ್ಲಿ ನೀವು ಜಾಗ ಬಿಟ್ಟುಕೊಟ್ರಲ್ಲ, ಅವರೇ. ಇಷ್ಟು ದಿನ ನೀವು ತಿಂದಿದ್ದು ಇದನ್ನೇ. ಬೇಕರಿ ಗೀಕರಿ ಏನಿಲ್ಲ, ನಾನು ಸುಳ್ಳು ಹೇಳಿದೆ. ಅರುಣಾ ಅವ್ರೇ, ನಿಮಗೆ ಖಾರ ಕಮ್ಮಿ ಇರ್ಲಿ ಅಂತ ಔಷಧಿ ಬಾಟ್ಲೀಲಿ ಬೇರೆ ಮಾಡಿ ಕಳಿಸ್ತಿದ್ದವರೂ ಅವರೇ."

ಧರ್ಮೇಶ್ ಡಬ್ಬಿಯ ಮುಚ್ಚಳ ತೆಗೆದು, ಪಲ್ಯವನ್ನು ಮೇಜಿನ ನಡುವೆ ತಳ್ಳಿದ. ಬಾಟಲಿಯಿಂದ ತನ್ನ ಅನ್ನದ ಮೇಲೆ ಧಾರಾಳವಾಗಿ ಸುರಿದುಕೊಂಡು ಕಲಸಿ ಉಣ್ಣತೊಡಗಿದ.

ರಾಜಶೇಖರ್ ಬಾಟಲಿಯನ್ನು ಇಟ್ಟರು. ಸಾಹೇಬರು ಕರೆದಿದ್ದರು ಎಂದು ಗೊಣಗಿ, ತಮ್ಮ ಡಬ್ಬಿ ಮುಚ್ಚಿಕೊಂಡು ಎದ್ದರು. ಇನ್ನಿಬ್ಬರು ತಲೆ ತಗ್ಗಿಸಿ ತಮ್ಮ ತಮ್ಮ ಮೊಸರನ್ನ ತಿಂದರು. ಅರುಣಾ ಬಾಟಲಿಯನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ತಟ್ಟೆಯನ್ನು ಮುಂದೆ ತಂದು, ಪಲ್ಯದ ಡಬ್ಬಿಗೆ ಚಮಚ ಹಾಕಿದಳು.

"ನೀವು ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳೋಕೆ ನನಗೆ ಮುಖ ಇಲ್ಲ ಧರ್ಮೇಶ್ ಅವ್ರೇ," ಎಂದಳು. "ಈ ಪಲ್ಯ ಇಷ್ಟು ವರ್ಷ ಎದುರಿಗೇ ಇತ್ತು."

"ತಿನ್ನಿ," ಎಂದ ಅವನು. "ಕಾಳು ಒಂಚೂರು ಜಾಸ್ತಿ ಬೆಂದಿದೆ."

ಸಂಜೆ ಅವನು ಮನೆಗೆ ಬಂದಾಗ ಹೊಸ ಜಾಡಿಯ ಮೆಣಸಿನಕಾಯಿ ರುಬ್ಬುವ ಕೆಲಸ ನಡೆದಿತ್ತು. ಹರ್ಷಿತಾಳ ಎರಡು ಕೈಯೂ ಕೆಂಪು. ಮಾಲಿನಿ ಸೋಸುತ್ತಿದ್ದಳು. ಧರ್ಮೇಶ್ ನಡೆದದ್ದನ್ನು ಹೇಳಿದ. ರಾಜಶೇಖರ್ ಎದ್ದು ಹೋದದ್ದನ್ನೂ ಹೇಳಿದ.

"ಹೋಗ್ಲಿ ಬಿಡು," ಎಂದರು ಮಹದೇವಮ್ಮ. "ಜಾಗ ಬಿಟ್ಟುಕೊಟ್ಟ ಮನುಷ್ಯ. ಕೆಟ್ಟವನಲ್ಲ. ಹೊಟ್ಟೆಗಿನ್ನೂ ಬುದ್ಧಿ ಬಂದಿಲ್ಲ ಅಷ್ಟೇ."

ಅಷ್ಟರಲ್ಲಿ ಹರ್ಷಿತಾಳ ಫೋನ್ ಬಡಿದುಕೊಂಡಿತು. "ಅಪ್ಪಾ, ಸ್ವಲ್ಪ ಎತ್ತು, ನನ್ನ ಕೈ ಹಿಂಗಿದೆ," ಎಂದಳು.

ಇಂದ್ರೇಶ್. ಹಳೇಬೀಡಿನ ಸುದ್ದಿ ಅವನಿಗೂ ಮುಟ್ಟಿತ್ತು. ಗಿರಾಕಿಗಳು ಬಂದು ಬಂದು ಕೇಳುತ್ತಿದ್ದರಂತೆ. ಹೆಸರಿಲ್ಲದ ಬಾಟಲಿ ಎಷ್ಟಿದ್ದರೆ ಅಷ್ಟನ್ನೂ ನಾಳೆಯೇ ಕಳಿಸಬೇಕು, ಚೀಟಿಯ ಚಿಂತೆ ತನಗೆ ಬಿಡಬೇಕು, ಬೇಕಾದರೆ ಇನ್ನೂ ಜಾಸ್ತಿ ಕೊಡುತ್ತೇನೆ ಎಂದ.

"ಹೆಸರಿಲ್ಲದ ಬಾಟ್ಲಿ ನಮ್ಮನೇಲಿ ಇಲ್ಲ ಕಣ್ರೀ," ಎಂದ ಧರ್ಮೇಶ್.

"ಅಲ್ಲ ಸಾರ್, ನಿಮಗೇ ಲಾಭ. ಒಂದ್ಸಲ ಯೋಚನೆ ಮಾಡಿ."

"ನಾನು ಮಾಡಿದ್ದು ಸಾಕು. ಇನ್ನು ನೀವು ಮಾಡಿ. ಇಡೋದಾದ್ರೆ ನಮ್ಮವ್ವನ ಹೆಸರು ಮುಂದೆ ಕಾಣೋ ಹಾಗೆ ಇಡಿ. ಆಗದಿದ್ರೆ ನಿಮ್ಮ ಗಿರಾಕಿಗಳಿಗೆ ಮನೆ ಅಡ್ರೆಸ್ ಕೊಡಿ, ಇಲ್ಲಿಗೇ ಬರ್ಲಿ."

ಫೋನ್ ಇಟ್ಟ.

"ಏನಂದ್ನಲಾ ಅವ್ನು?" ಎಂದರು ಮಹದೇವಮ್ಮ.

"ಏನೂ ಅನ್ಲಿಲ್ಲ."

"ಅನ್ನೋವಾಗ ಅಂತಾನೆ. ಶರ್ಟು ಬದಲಾಯ್ಸಿ ಬಾ. ಇನ್ನೂ ಅರ್ಧ ಜಾಡಿ ರುಬ್ಬೋದೈತೆ."